ಎಲ್ಲರಿಗೂ ಕೆಲಸ, ಬುಧವಾರ ರಜೆ: ನೆದರ್‌ಲ್ಯಾಂಡ್ಸ್ ಎಂಬ ಪ್ರಕರಣ

ನನ್ನ ಗೆಳತಿಯೊಬ್ಬಳು ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟಲ್‌ವೇನ್‌ನಲ್ಲಿದ್ದಾಳೆ. ಅಲ್ಲಿ ಮೊದಲ ಇಂಟರ್‌ವ್ಯೂ ಹೇಗಾಯಿತು ಅಂತ ಕೇಳಿದ್ದೆ. "ಸಂಬಳ ಎಷ್ಟು ಬೇಕು ಅಂತ ಕೇಳೋಕೆ ಮುಂಚೆ ಎಷ್ಟು ಗಂಟೆ ಬೇಕು ಅಂತ ಕೇಳಿದ್ರು ಕಣೇ" ಅಂದಳು. ಬೆಂಗಳೂರಿನಲ್ಲಿ ಹತ್ತು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದವಳು. ಆ ಹತ್ತು ವರ್ಷದಲ್ಲಿ ಯಾರೂ ಅವಳಿಗೆ ಆ ಪ್ರಶ್ನೆ ಕೇಳಿರಲಿಲ್ಲ. ಈಗ ಅವಳದು ವಾರಕ್ಕೆ 32 ಗಂಟೆ, ನಾಲ್ಕು ದಿನ. ಅವಳಿಗೆ ಬರುವ ಆಫೀಸ್ ಮೇಲ್‌ಗಳ ಕೊನೆಯಲ್ಲಿ, ಹೆಸರು ಮತ್ತು ಹುದ್ದೆಯ ಕೆಳಗೆ, ಇನ್ನೊಂದು ಸಾಲು ಇರುತ್ತದಂತೆ: ಸೋಮ, ಮಂಗಳ, ಗುರು ಸಿಗುತ್ತೇನೆ. ಬುಧವಾರ ಹುಡುಕಿದರೆ ಆ ಮನುಷ್ಯ ಶಾಲೆಯ ಗೇಟಿನ ಹತ್ತಿರ ಸಿಗಬಹುದು. ಅವತ್ತು ಬಹಳಷ್ಟು ಪ್ರೈಮರಿ ಶಾಲೆಗಳು ಮಧ್ಯಾಹ್ನಕ್ಕೇ ಬಿಡುತ್ತವೆ. ಮುಂದೆ ಮರದ ಪೆಟ್ಟಿಗೆ ಇರುವ ಸೈಕಲ್ಲಿನಲ್ಲಿ ಇಬ್ಬರು ಮೂವರು ಮಕ್ಕಳನ್ನು ಕೂರಿಸಿಕೊಂಡು ಅಮ್ಮಂದಿರು ಹೊರಡುತ್ತಾರೆ. ಅಪ್ಪಂದಿರೂ ಇರುತ್ತಾರೆ, ಸ್ವಲ್ಪ ಕಡಿಮೆ.

ಇಷ್ಟು ಹಗುರವಾಗಿ ಕೆಲಸ ಮಾಡುವ ಈ ದೇಶ ಉದ್ಯೋಗದ ಲೆಕ್ಕದಲ್ಲಿ ಯುರೋಪಿಯನ್ ಒಕ್ಕೂಟಕ್ಕೇ ಮೊದಲು. 2023ರಲ್ಲಿ 20ರಿಂದ 64 ವರ್ಷದ ಡಚ್ಚರಲ್ಲಿ, ಅಂದರೆ ನೆದರ್‌ಲ್ಯಾಂಡ್ಸ್‌ನವರಲ್ಲಿ, ಶೇ. 83.5 ಮಂದಿಗೆ ಕೆಲಸ ಇತ್ತು. ಯುರೋಪಿಯನ್ ಒಕ್ಕೂಟದ 27 ದೇಶಗಳಲ್ಲಿ ಇದೇ ಅತಿ ಹೆಚ್ಚು. ಒಕ್ಕೂಟದ ಸರಾಸರಿ ಶೇ. 75.3. ಇಟಲಿಯದು ಶೇ. 66.3, ಪಟ್ಟಿಯಲ್ಲಿ ಅದೇ ಕೊನೆ. ಅದೇ ವರ್ಷ ವಾರಕ್ಕೆ ಎಷ್ಟು ಗಂಟೆ ದುಡಿದರು ಅಂತ ನೋಡಿ. ಡಚ್ಚರು ಸೀದಾ ತಳಕ್ಕೆ ಬರುತ್ತಾರೆ. ಅವರದು 32.2 ಗಂಟೆ, ಒಕ್ಕೂಟದ ಸರಾಸರಿ 36.1.

ಶ್ರೀಮಂತ ದೇಶಗಳ ನಡುವೆ ಉದ್ಯೋಗ ದರ ಯಾಕೆ ಇಷ್ಟೊಂದು ಬೇರೆ ಬೇರೆ? ಈ ಪ್ರಶ್ನೆಗೆ ಸಿದ್ಧ ಉತ್ತರಗಳು ಸಾಕಷ್ಟಿವೆ. ತೆರಿಗೆ ಅನ್ನುತ್ತಾರೆ, ಯೂನಿಯನ್ ಅನ್ನುತ್ತಾರೆ, ಭತ್ಯೆ ಜಾಸ್ತಿಯಾಗಿ ಜನ ಸೋಮಾರಿಗಳಾದರು ಅನ್ನುತ್ತಾರೆ. ಏನೂ ತೋಚದಿದ್ದಾಗ ಅದು ಆ ಜನರ ಸ್ವಭಾವ ಅನ್ನುತ್ತಾರೆ. ನೆದರ್‌ಲ್ಯಾಂಡ್ಸ್ ಈ ಉತ್ತರಗಳನ್ನು ತಿಕ್ಕಿ ನೋಡಲು ಒಳ್ಳೆಯ ಒರೆಗಲ್ಲು. ಯಾಕೆಂದರೆ ನಲವತ್ತು ವರ್ಷದ ಹಿಂದೆ ಇದೇ ದೇಶ ಪಟ್ಟಿಯ ಕೆಳಗಿತ್ತು. ಜನ ಅವರೇ, ಸಮುದ್ರ ಅದೇ, ಮಳೆಯೂ ಅದೇ.

ಮೊದಲು ಅಳತೆಗೋಲಿನ ಬಗ್ಗೆ ಎರಡು ಮಾತು. ಸರ್ವೆ ನಡೆಯುವ ವಾರದಲ್ಲಿ ಸಂಬಳಕ್ಕೋ ಲಾಭಕ್ಕೋ ಒಂದು ಗಂಟೆ ದುಡಿದಿದ್ದರೂ ಸಾಕು, ಅವರು ಉದ್ಯೋಗದಲ್ಲಿ ಇದ್ದಂತೆ. ಅಂತರರಾಷ್ಟ್ರೀಯ ಲೆಕ್ಕ ಹಾಗಿದೆ. ನಮ್ಮ ದೇಶದ ಕಾರ್ಮಿಕ ಸರ್ವೆಯ ವಾರದ ಲೆಕ್ಕದಲ್ಲೂ ಒಂದು ಗಂಟೆಯೇ ಗಡಿ. ಮಲೆನಾಡಿನಲ್ಲಿ ಮನೆಯ ಅಡಿಕೆ ಸುಲಿಯಲು ಕೂತವಳೂ ಅದರಲ್ಲಿ ಬರುತ್ತಾಳೆ, ಕೈಗೆ ಒಂದು ಪೈಸೆ ಬರದಿದ್ದರೂ. ಹಾಗಾಗಿ ಉದ್ಯೋಗ ದರ ಅನ್ನುವುದು ತಲೆಗಳ ಎಣಿಕೆ ಅಷ್ಟೇ. ವಾರಕ್ಕೆ 12 ಗಂಟೆ ಅಂಗಡಿಯಲ್ಲಿ ನಿಲ್ಲುವವಳೂ ಒಂದು, 50 ಗಂಟೆ ಆಪರೇಷನ್ ಮಾಡುವ ಸರ್ಜನ್ ಕೂಡ ಒಂದು. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಮದುವೆಯಾದರೆ ಕೆಲಸ ಹೋಯಿತು

1950ರ ದಶಕದ ನೆದರ್‌ಲ್ಯಾಂಡ್ಸ್‌ನಲ್ಲಿ ಸರ್ಕಾರಿ ಕೆಲಸದ ಹೆಣ್ಣುಮಗಳು ಮದುವೆಯಾದರೆ ಅವಳನ್ನು ಕೆಲಸದಿಂದ ತೆಗೆಯುತ್ತಿದ್ದರು. ಟೀಚರ್ ಆಗಲಿ ಗುಮಾಸ್ತೆ ಆಗಲಿ. 1955ರಲ್ಲಿ ಕೊರಿ ತೆಂಡೆಲೂ ಎಂಬ ಸಂಸದೆ ಇದು ನಿಲ್ಲಲಿ ಎಂದು ಗೊತ್ತುವಳಿ ತಂದರು. 46 ಮತ ಪರ, 44 ಮತ ವಿರೋಧ. ಎರಡೇ ಮತದಲ್ಲಿ ಪಾಸಾಯಿತು. ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ಲದೆ ಬ್ಯಾಂಕ್ ಖಾತೆ ತೆರೆಯುವಂತಿಲ್ಲ, ಕರಾರಿಗೆ ಸಹಿ ಹಾಕುವಂತಿಲ್ಲ ಎಂಬ ಕಾನೂನು ಹೋದದ್ದು 1957ರ ಜನವರಿಯಲ್ಲಿ. ಇದು ಬಡ ದೇಶದ ಕಥೆಯಲ್ಲ. ಫಿಲಿಪ್ಸ್ ಕಂಪನಿ ಜಗತ್ತಿಗೆ ರೇಡಿಯೊ ಮಾರುತ್ತಿದ್ದ ಕಾಲ ಅದು.

ಕಾನೂನು ಹೋದರೂ ಪದ್ಧತಿ ಹೋಗಲಿಲ್ಲ. ಮಕ್ಕಳು ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಿದ್ದರು. ಊಟ ಅಂದರೆ ಬ್ರೆಡ್ಡು, ಮೇಲೆ ಚೀಸೋ ಚಾಕೊಲೇಟ್ ಉದುರೋ. ಆದರೂ ಅದನ್ನು ಕೊಡಲು ಮನೆಯಲ್ಲಿ ಒಬ್ಬರು ಇರಬೇಕಲ್ಲ. ಬೆಳಿಗ್ಗೆ ಶಾಲೆಗೆ ಬಿಡು, ಮಧ್ಯಾಹ್ನ ಕರೆದುಕೊಂಡು ಬಾ, ಊಟ ಕೊಡು, ಮತ್ತೆ ಬಿಡು, ಸಂಜೆ ಮತ್ತೆ ಕರೆದುಕೊಂಡು ಬಾ. ದಿನಕ್ಕೆ ನಾಲ್ಕು ಸಲ ಸೈಕಲ್ ತುಳಿಯುವವಳಿಗೆ ಯಾರು ಎಂಟು ಗಂಟೆಯ ಕೆಲಸ ಕೊಡುತ್ತಾರೆ? ಮಧ್ಯಾಹ್ನ ಮಗುವನ್ನು ಶಾಲೆಯಲ್ಲೇ ಇರಿಸಿಕೊಳ್ಳಲು ಅವಕಾಶ ಕೊಡಬೇಕು ಎಂಬ ನಿಯಮ ಬಂದದ್ದು 1985ರಲ್ಲಿ. 1970ರ ದಶಕದ ನಡುವೆ ಡಚ್ ಹೆಂಗಸರಲ್ಲಿ ಹತ್ತಕ್ಕೆ ಮೂವರು ಮಾತ್ರ ಮನೆ ಹೊರಗಿನ ಕೆಲಸದ ಲೆಕ್ಕದಲ್ಲಿದ್ದರು. ಅದೇ ಹೊತ್ತಿಗೆ ಸ್ವೀಡನ್‌ನಲ್ಲಿ ಅದರ ಎರಡು ಪಟ್ಟು ಇತ್ತು.

ಒಬ್ಬ ಗಂಡಸು ದುಡಿದು ಮನೆ ನಡೆಸುವ ಈ ಪದ್ಧತಿಗೆ ಒಂದು ಷರತ್ತು ಇದೆ. ಆ ಗಂಡಸಿಗೆ ಕೆಲಸ ಇರಬೇಕು. 1970ರ ದಶಕದಲ್ಲಿ ಅದೂ ಅಲುಗಾಡಿತು.

ಉತ್ತರದ ಗ್ರೋನಿಂಗನ್ ಪ್ರಾಂತ್ಯದಲ್ಲಿ 1959ರಲ್ಲಿ ದೊಡ್ಡ ಗ್ಯಾಸ್ ನಿಕ್ಷೇಪ ಸಿಕ್ಕಿತ್ತು. ಗ್ಯಾಸ್ ಮಾರಿದ ಹಣ ಬಂತು, ಗಿಲ್ಡರ್ ನಾಣ್ಯದ ಬೆಲೆ ಏರಿತು, ಡಚ್ ಸರಕು ಹೊರಗಿನವರಿಗೆ ದುಬಾರಿಯಾಯಿತು. ಬಟ್ಟೆ ಗಿರಣಿಗಳು, ಹಡಗುಕಟ್ಟೆಗಳು ಮುಚ್ಚುತ್ತಾ ಬಂದವು. 'ಡಚ್ ಕಾಯಿಲೆ' ಎಂಬ ಹೆಸರು ಹುಟ್ಟಿದ್ದು 1977ರಲ್ಲಿ, ಲಂಡನ್ನಿನ ಒಂದು ವಾರಪತ್ರಿಕೆಯಲ್ಲಿ. ಎಣ್ಣೆ ಸಿಕ್ಕ ಯಾವ ದೇಶದ ಬಗ್ಗೆ ಮಾತಾಡುವಾಗಲೂ ಇವತ್ತಿಗೂ ಆ ಮಾತು ಬರುತ್ತದೆ.

ಬೆನ್ನು ನೋವು ಎಂಬ ನಿವೃತ್ತಿ

ಈ ಕಥೆಯಲ್ಲಿ ನನಗೆ ತುಂಬ ಕುತೂಹಲ ಹುಟ್ಟಿಸಿದ್ದು ಮುಂದಿನ ಭಾಗ.

1967ರಲ್ಲಿ ಡಚ್ಚರು ಒಂದು ಅಂಗವೈಕಲ್ಯ ವಿಮೆ ತಂದಿದ್ದರು. ಕೆಲಸ ಮಾಡಲು ಆಗದವರಿಗೆ ಕೊನೆಯ ಸಂಬಳದ ಶೇ. 80ರಷ್ಟು, 65 ತುಂಬುವ ತನಕ. ಅಪಘಾತ ಕೆಲಸದ ಜಾಗದಲ್ಲೇ ಆಗಿರಬೇಕೆಂಬ ಷರತ್ತು ಇಲ್ಲ. ಶೇ. 15ರಷ್ಟು ಅಶಕ್ತತೆ ಇದ್ದರೂ ಬಾಗಿಲು ತೆರೆದಿತ್ತು. ಉದ್ದೇಶ ಒಳ್ಳೆಯದೇ. ಹೆಚ್ಚೆಂದರೆ 2 ಲಕ್ಷ ಜನ ಬರಬಹುದು ಅಂದುಕೊಂಡಿದ್ದರು.

ಈಗ ಒಂದು ಹಡಗುಕಟ್ಟೆಯಲ್ಲಿ 54 ವರ್ಷದ ವೆಲ್ಡರ್ ಇದ್ದಾನೆ ಅಂದುಕೊಳ್ಳಿ. ಮೂವತ್ತು ವರ್ಷ ಬಗ್ಗಿ ಕೆಲಸ ಮಾಡಿದವನು. ಬೆನ್ನು ನೋವು ನಿಜವೇ, ಸುಳ್ಳಲ್ಲ. ಕಾರ್ಖಾನೆಗೆ ಆರ್ಡರ್ ಇಲ್ಲ, ಇನ್ನೂರು ಜನರನ್ನು ಕಳಿಸಬೇಕು. ಕೆಲಸದಿಂದ ತೆಗೆದರೆ ಮಾಲೀಕನಿಗೆ ಯೂನಿಯನ್ ಜೊತೆ ಜಗಳ, ಪರಿಹಾರದ ಖರ್ಚು. ವೆಲ್ಡರ್‌ಗೆ ನಿರುದ್ಯೋಗ ಭತ್ಯೆ ಸಿಗುತ್ತದೆ, ಆದರೆ ಅದು ಕೆಲವೇ ವರ್ಷ. ಅದೇ 'ಬೆನ್ನು ನೋವು' ಅಂತ ಬರೆಸಿದರೆ? ಅವನಿಗೆ 65ರ ತನಕ ಸಂಬಳದ ಐದರಲ್ಲಿ ನಾಲ್ಕು ಪಾಲು. ಮಾಲೀಕನ ಕೈಯಿಂದ ನೇರವಾಗಿ ಏನೂ ಹೋಗುವುದಿಲ್ಲ. ಯೂನಿಯನ್‌ಗೂ ನೆಮ್ಮದಿ. ಇನ್ನೂ ಒಂದು ವಿಷಯ. ಈ ವಿಮೆಯ ಅರ್ಜಿಗಳನ್ನು ನೋಡುವ ಮಂಡಳಿಗಳನ್ನು ನಡೆಸುತ್ತಿದ್ದವರು ಯಾರು? ಮಾಲೀಕರ ಸಂಘಗಳು ಮತ್ತು ಯೂನಿಯನ್‌ಗಳು, ಜೊತೆಯಾಗಿ. ಕೊಡುವವರೂ ಅವರೇ, ಕೊಡಿಸುವವರೂ ಅವರೇ. ಅರ್ಧ ಅಶಕ್ತ ಅಂತ ತೀರ್ಮಾನವಾದರೂ, ಉಳಿದರ್ಧಕ್ಕೆ ತಕ್ಕ ಕೆಲಸ ಸಿಗದಿದ್ದರೆ ಪೂರ್ತಿ ಅಶಕ್ತ ಅಂತಲೇ ಲೆಕ್ಕ ಹಾಕುತ್ತಿದ್ದರು. ಈ ರೂಢಿ 1987ರ ತನಕ ನಡೆಯಿತು.

ಯಾರೂ ಕಳ್ಳರಲ್ಲ ಇಲ್ಲಿ. ಎಲ್ಲರೂ ನಿಯಮದ ಒಳಗೇ ಇದ್ದರು. ಫಲ ಏನಾಯಿತು ಅಂದರೆ 1990ರ ಹೊತ್ತಿಗೆ ಒಂದೂವರೆ ಕೋಟಿ ಜನರ ದೇಶದಲ್ಲಿ 9 ಲಕ್ಷದ ಹತ್ತಿರ ಮಂದಿ ಈ ವಿಮೆಯ ಮೇಲಿದ್ದರು. ಅವರನ್ನು ನಿರುದ್ಯೋಗಿಗಳ ಪಟ್ಟಿಯಲ್ಲಿ ಎಣಿಸುವುದಿಲ್ಲ, ಯಾಕೆಂದರೆ ಅವರು ಕೆಲಸ ಹುಡುಕುತ್ತಿಲ್ಲ. ನಿರುದ್ಯೋಗದ ಅಂಕಿ ನೋಡಿ ದೇಶ ಸುಧಾರಿಸುತ್ತಿದೆ ಅನ್ನಬಹುದಿತ್ತು. ಉದ್ಯೋಗ ದರ ಮಾತ್ರ ಸುಳ್ಳು ಹೇಳುತ್ತಿರಲಿಲ್ಲ. ದೇಶಗಳನ್ನು ಹೋಲಿಸುವವರು ನಿರುದ್ಯೋಗ ದರ ಬಿಟ್ಟು ಇದನ್ನು ಹಿಡಿಯುವುದು ಈ ಕಾರಣಕ್ಕೇ.

ಇದರ ಜೊತೆಗೆ ವಯಸ್ಸಾದವರು ಬೇಗ ನಿವೃತ್ತರಾಗಿ ಯುವಕರಿಗೆ ಜಾಗ ಬಿಡಲಿ ಎಂಬ ಯೋಜನೆ ಬೇರೆ. 60ಕ್ಕೋ ಅದಕ್ಕೂ ಮುಂಚೆಯೋ ಮನೆಗೆ. 1990ರ ದಶಕದಲ್ಲಿ 55ರಿಂದ 64ರ ಡಚ್ಚರಲ್ಲಿ ಹತ್ತಕ್ಕೆ ಮೂವರಷ್ಟೇ ಕೆಲಸದಲ್ಲಿ ಉಳಿದಿದ್ದರು. ಯುವಕರಿಗೆ ಜಾಗ ಸಿಕ್ಕಿತೇ? ಇಲ್ಲ. ಕೆಲಸ ಅನ್ನುವುದು ಬಸ್ಸಿನ ಸೀಟ್ ಅಲ್ಲ, ಒಬ್ಬ ಎದ್ದರೆ ಇನ್ನೊಬ್ಬ ಕೂರುವುದಕ್ಕೆ. ಎದ್ದವರ ಪಿಂಚಣಿಯ ಭಾರ ಕೂತವರ ಸಂಬಳದ ಮೇಲೆ ಬಿತ್ತು. ದುಡಿಯುವವರು ದುಬಾರಿಯಾದರು. ದುಬಾರಿಯಾದಷ್ಟೂ ಇನ್ನಷ್ಟು ಜನರಿಗೆ ಬೆನ್ನು ನೋವು ಬಂತು.

ಒಂದು ಮನೆಯ ಮಾತುಕತೆ

1982ರ ನವೆಂಬರ್. ನಿರುದ್ಯೋಗ ನೂರಕ್ಕೆ ಹತ್ತರ ಹತ್ತಿರಕ್ಕೆ ಬಂದು ಏರುತ್ತಲೇ ಇತ್ತು. ರೂಡ್ ಲುಬ್ಬರ್ಸ್ ಹೊಸದಾಗಿ ಪ್ರಧಾನಿಯಾಗಿದ್ದರು. ನೀವೇ ಒಪ್ಪಂದಕ್ಕೆ ಬನ್ನಿ, ಇಲ್ಲದಿದ್ದರೆ ಸಂಬಳದ ವಿಷಯದಲ್ಲಿ ಸರ್ಕಾರವೇ ಕೈ ಹಾಕುತ್ತದೆ ಎಂಬ ಸೂಚನೆ ಹೋಯಿತು. ಹೇಗ್ ನಗರದ ಪಕ್ಕದ ವಾಸೆನಾರ್ ಎಂಬ ಊರಲ್ಲಿ ಮಾಲೀಕರ ಸಂಘದ ಮುಖ್ಯಸ್ಥ ಕ್ರಿಸ್ ವಾನ್ ವೇನ್ ಅವರ ಮನೆ. ಅಲ್ಲಿ ಅವರೂ ಯೂನಿಯನ್ ಒಕ್ಕೂಟದ ನಾಯಕ ವಿಮ್ ಕೋಕ್ ಅವರೂ ಕೂತು ಮಾತಾಡಿದರು. ನವೆಂಬರ್ 24ರಂದು ಒಪ್ಪಂದವಾಯಿತು. ಪುಟಗಳ ಲೆಕ್ಕದಲ್ಲಿ ಅದು ಚಿಕ್ಕದು.

ಬೆಲೆ ಏರಿದಷ್ಟು ಸಂಬಳ ತಾನಾಗಿ ಏರುವ ಪದ್ಧತಿಯನ್ನು ಯೂನಿಯನ್ ಕೈಬಿಟ್ಟಿತು. ನಮ್ಮ ಸರ್ಕಾರಿ ನೌಕರರು ತುಟ್ಟಿಭತ್ಯೆ ಬೇಡ ಅಂದಂತೆ! ಬದಲಿಗೆ ಮಾಲೀಕರು ಕೆಲಸದ ಗಂಟೆ ಕಡಿಮೆ ಮಾಡಿ ಕೆಲಸ ಹಂಚುವುದಕ್ಕೆ ಒಪ್ಪಿದರು. ಮುಂದಿನ ವರ್ಷಗಳಲ್ಲಿ ಬಹಳಷ್ಟು ಕಡೆ 40 ಗಂಟೆಯ ವಾರ 38 ಗಂಟೆ ಆಯಿತು. ಸರ್ಕಾರ ತನ್ನ ನೌಕರರ ಸಂಬಳವನ್ನು 1984ರಲ್ಲಿ ಶೇ. 3ರಷ್ಟು ಕಡಿಮೆಯೇ ಮಾಡಿತು. ಅದಕ್ಕೂ ಮುಂಚೆ ದೊಡ್ಡ ಮುಷ್ಕರ ನಡೆದು ಅಂಚೆ ರಾಶಿ ಬಿದ್ದಿತ್ತು.

ಹೊರಗಿನವರು ಡಚ್ ಪವಾಡ ಅನ್ನುವಾಗ ಈ ಮನೆಯಿಂದಲೇ ಕಥೆ ಶುರು ಮಾಡುತ್ತಾರೆ. ಅದಕ್ಕೊಂದು ಹೆಸರೂ ಇದೆ, ಪೋಲ್ಡರ್ ಮಾದರಿ. ಪೋಲ್ಡರ್ ಅಂದರೆ ಒಡ್ಡು ಕಟ್ಟಿ ನೀರು ತೆಗೆದು ಮಾಡಿದ ನೆಲ. ಸಮುದ್ರ ಮಟ್ಟಕ್ಕಿಂತ ಕೆಳಗಿರುವ ಆ ನೆಲದಲ್ಲಿ ಪಕ್ಕದ ಮನೆಯವನ ಮುಖ ಕಂಡರೆ ಆಗದಿದ್ದರೂ ನೀರು ಎತ್ತುವಾಗ ಜೊತೆಗೆ ನಿಲ್ಲಲೇಬೇಕು. ಹೋಲಿಕೆ ಚೆನ್ನಾಗಿದೆ. ಆದರೆ ನನ್ನ ಲೆಕ್ಕದಲ್ಲಿ ವಾಸೆನಾರ್‌ಗೆ ಅದರ ಪಾಲಿಗಿಂತ ಜಾಸ್ತಿ ಹೆಸರು ಬಂದಿದೆ. ಸಂಬಳ ಹಿಡಿತಕ್ಕೆ ಬಂದದ್ದರಿಂದ ಕಂಪನಿಗಳು ಬದುಕಿದವು, ಅದು ಸರಿ. ಆದರೆ ಆ ಮೇಜಿನ ಎರಡೂ ಬದಿಯಲ್ಲಿ ಕೂತಿದ್ದ ಗಂಡಸರ ತಲೆಯಲ್ಲಿ ಇದ್ದದ್ದು ಫುಲ್ ಟೈಮ್ ದುಡಿಯುವ ಗಂಡಸು. ಉದ್ಯೋಗ ದರವನ್ನು ಮೇಲೆತ್ತಿದವರು ಬೇರೆಯವರು.

ಅರ್ಧ ಬಾಗಿಲಿನಿಂದ ಬಂದವರು

ಬಂದವರು ಹೆಂಗಸರು. ಬಂದದ್ದು ಪಾರ್ಟ್ ಟೈಮ್ ಬಾಗಿಲಿನಿಂದ. ಇದನ್ನು ಯಾರೂ ಯೋಜನೆ ಹಾಕಿ ಮಾಡಲಿಲ್ಲ. ಮಕ್ಕಳ ಸಂಖ್ಯೆ ಇಳಿದಿತ್ತು, ಓದಿದ ಹುಡುಗಿಯರು ಹೆಚ್ಚಿದ್ದರು, ಗಂಡನ ಸಂಬಳ ಏರುತ್ತಿರಲಿಲ್ಲ, ಮನೆ ಸಾಲದ ಕಂತು ಇತ್ತು. ಆಸ್ಪತ್ರೆ, ಶಾಲೆ, ಅಂಗಡಿ, ಆಫೀಸುಗಳಿಗೆ ಜನ ಬೇಕಿತ್ತು. ಆದರೆ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಗಳು ಇರಲಿಲ್ಲ ಅಂದರೂ ನಡೆಯುತ್ತದೆ. ಶಾಲೆಯ ವೇಳಾಪಟ್ಟಿ ಹಾಗೇ ಇತ್ತು. ಸ್ವೀಡನ್ ಮಾಡಿದ್ದು ಶಿಶುಕೇಂದ್ರ ಕಟ್ಟಿ ಹೆಂಗಸರ ಸಮಯ ಬಿಡಿಸುವುದು. ಡಚ್ಚರು ಹೆಂಗಸರ ಸಮಯಕ್ಕೆ ತಕ್ಕಂತೆ ಕೆಲಸವನ್ನೇ ಕತ್ತರಿಸಿದರು. ಬುಧವಾರ ಮಧ್ಯಾಹ್ನ ಶಾಲೆ ಇಲ್ಲವೇ? ಸರಿ, ಬುಧವಾರ ಕೆಲಸಕ್ಕೆ ಬರಬೇಡಿ.

ಈ ತುಂಡು ಕೆಲಸಗಳು ಬೇರೆ ದೇಶಗಳಲ್ಲೂ ಇದ್ದವು. ಆದರೆ ಅಲ್ಲಿ ಪಾರ್ಟ್ ಟೈಮ್ ಅಂದರೆ ಎರಡನೇ ದರ್ಜೆ. ಇಲ್ಲಿ ಯೂನಿಯನ್‌ಗಳು ಮೊದಲು ಮೂಗು ಮುರಿದವು, ಆಮೇಲೆ ದಾರಿಗೆ ಬಂದವು. ತಮ್ಮ ಹೊಸ ಸದಸ್ಯರು ಯಾರು ಅಂತ ಅವರಿಗೂ ಕಾಣುತ್ತಿತ್ತು. ವಾರದ ಮೂರನೇ ಒಂದು ಪಾಲಿಗಿಂತ ಕಡಿಮೆ ದುಡಿಯುವವರಿಗೆ ಕನಿಷ್ಠ ಕೂಲಿ ಕಾನೂನು ಅನ್ವಯಿಸುತ್ತಿರಲಿಲ್ಲ. ಆ ಗಡಿ 1993ರಲ್ಲಿ ಹೋಯಿತು. 1996ರ ಕಾನೂನು, ಗಂಟೆ ಕಡಿಮೆ ಅನ್ನುವ ಕಾರಣಕ್ಕೆ ಭೇದ ಮಾಡುವುದನ್ನು ನಿಷೇಧಿಸಿತು. ಗಂಟೆಯ ಕೂಲಿ, ರಜೆ, ಪಿಂಚಣಿ, ತರಬೇತಿ, ಎಲ್ಲವೂ ಗಂಟೆಯ ಲೆಕ್ಕಕ್ಕೆ ಸರಿಯಾಗಿ. 2000ದಲ್ಲಿ ಇನ್ನೂ ಒಂದು ಹೆಜ್ಜೆ. ಒಂದು ವರ್ಷ (2016ರಿಂದ ಆರು ತಿಂಗಳು) ಕೆಲಸ ಮಾಡಿದವರು ಗಂಟೆ ಕಡಿಮೆ ಮಾಡಿ ಅಂತಲೂ ಕೇಳಬಹುದು, ಜಾಸ್ತಿ ಮಾಡಿ ಅಂತಲೂ ಕೇಳಬಹುದು. ಮಾಲೀಕ ಬೇಡ ಅನ್ನಬೇಕಾದರೆ ಗಟ್ಟಿ ಕಾರಣ ಕೊಡಬೇಕು. ಹತ್ತು ಜನರಿಗಿಂತ ಚಿಕ್ಕ ಕಂಪನಿಗಳಿಗೆ ಮಾತ್ರ ವಿನಾಯಿತಿ.

ಸರ್ಕಾರದ ದಿಕ್ಕೂ ಅಷ್ಟರಲ್ಲಿ ತಿರುಗಿತ್ತು. ಹೆಂಡತಿಯ ಸಂಬಳದ ಮೇಲೆ ಬೇರೆಯಾಗಿ ತೆರಿಗೆ ಹಾಕುವ ಪದ್ಧತಿ 1973ರಿಂದ ಹಂತ ಹಂತವಾಗಿ ಬಂತು. ಗಂಡನ ಸಂಬಳದ ತುದಿಗೆ ಅವಳದನ್ನು ಅಂಟಿಸಿ ಮೇಲಿನ ದರದಲ್ಲಿ ತೆರಿಗೆ ಕೀಳುವುದು ನಿಂತಿತು. ಜರ್ಮನಿ ಇವತ್ತಿಗೂ ಗಂಡ ಹೆಂಡತಿಯ ಆದಾಯವನ್ನು ಕೂಡಿಸಿ ಭಾಗ ಮಾಡಿ ತೆರಿಗೆ ಹಾಕುತ್ತದೆ. ಕಡಿಮೆ ದುಡಿಯುವವರು ಇನ್ನಷ್ಟು ದುಡಿಯಲು ಅದರಲ್ಲಿ ಆಸೆ ಹುಟ್ಟುವುದಿಲ್ಲ. 1980ರ ದಶಕದ ಕೊನೆಗೆ ಡಚ್ ಸರ್ಕಾರ ಹುಡುಗಿಯರಿಗಾಗಿ ಒಂದು ಪ್ರಚಾರವನ್ನೇ ನಡೆಸಿತು. ಅದರ ಘೋಷಣೆಯನ್ನು ಕನ್ನಡದಲ್ಲಿ ಹೇಳುವುದಾದರೆ, ಜಾಣ ಹುಡುಗಿ ತನ್ನ ನಾಳೆಗೆ ಸಿದ್ಧವಾಗಿರುತ್ತಾಳೆ. ಮೂವತ್ತು ವರ್ಷದ ಹಿಂದೆ ಮದುವೆಯಾದಳು ಅಂತ ಕೆಲಸದಿಂದ ತೆಗೆಯುತ್ತಿದ್ದ ಅದೇ ಸರ್ಕಾರ!

ಇವತ್ತು ಡಚ್ ಹೆಂಗಸರ ಉದ್ಯೋಗ ದರ ಶೇ. 80ರ ಹತ್ತಿರ. ಕೆಲಸದಲ್ಲಿರುವ ಐದು ಹೆಂಗಸರಲ್ಲಿ ಮೂವರದು ಪಾರ್ಟ್ ಟೈಮ್. ಗಂಡಸರಲ್ಲೂ ಐವರಲ್ಲಿ ಒಬ್ಬನದು ಹಾಗೇ, ಇದು ಯುರೋಪಿಯನ್ ಒಕ್ಕೂಟದಲ್ಲಿ ಬೇರೆಲ್ಲೂ ಕಾಣುವುದಿಲ್ಲ. ಅಪ್ಪ ಮನೆಯಲ್ಲಿರುವ ವಾರದ ದಿನಕ್ಕೆ ಡಚ್ಚಿನಲ್ಲಿ 'ಪಾಪಾದಾಹ್' ಅನ್ನುತ್ತಾರೆ. ಅಪ್ಪನ ದಿನ ಅಂತ.

ಹಿಂಬಾಗಿಲು ಮುಚ್ಚಿದ್ದು

ಮುಂಬಾಗಿಲಿನಿಂದ ಹೆಂಗಸರು ಬಂದರೂ ಹಿಂಬಾಗಿಲಿನಿಂದ ವೆಲ್ಡರ್‌ಗಳು ಹೋಗುತ್ತಲೇ ಇದ್ದರು. 1990ರಲ್ಲಿ ಲುಬ್ಬರ್ಸ್ ಒಂದು ಭಾಷಣದಲ್ಲಿ 'ನೆದರ್‌ಲ್ಯಾಂಡ್ಸ್‌ಗೆ ಕಾಯಿಲೆ' ಅಂದುಬಿಟ್ಟರು. ವಿಮೆಯ ಮೇಲಿರುವವರು 10 ಲಕ್ಷ ಮುಟ್ಟಿದರೆ ರಾಜೀನಾಮೆ ಕೊಡುತ್ತೇನೆ ಎಂಬ ಮಾತೂ ಬಂತು. 1991ರಲ್ಲಿ ವಿಮೆ ಮೊಟಕು ಮಾಡಲು ಹೊರಟಾಗ ಹೇಗ್‌ನಲ್ಲಿ ಎರಡೂವರೆ ಲಕ್ಷ ಜನ ಬೀದಿಗೆ ಇಳಿದರು. ಆಗ ಹಣಕಾಸು ಮಂತ್ರಿ ಯಾರು ಗೊತ್ತೇ? ವಿಮ್ ಕೋಕ್. ಒಂಬತ್ತು ವರ್ಷದ ಹಿಂದೆ ಯೂನಿಯನ್ ಪರ ಮೇಜಿಗೆ ಕೂತಿದ್ದವರು ಈಗ ಯೂನಿಯನ್ ಘೋಷಣೆಗಳ ಆಚೆ ಬದಿಯಲ್ಲಿದ್ದರು. 1994ರ ಚುನಾವಣೆಯಲ್ಲಿ ಆಡಳಿತದ ಎರಡೂ ಪಕ್ಷ ಸೇರಿ 150ರಲ್ಲಿ 32 ಸ್ಥಾನ ಕಳೆದುಕೊಂಡವು. ಆದರೂ ಪ್ರಧಾನಿಯಾದವರು ಕೋಕ್‌ರೇ. 2002ರ ತನಕ ಇದ್ದರು.

ಭತ್ಯೆ ಕಡಿತದಿಂದ ಸಿಕ್ಕಿದ್ದು ಅಷ್ಟಕ್ಕಷ್ಟೇ. ನಿಜವಾಗಿ ಕೆಲಸ ಮಾಡಿದ್ದು ಬಿಲ್ ಯಾರಿಗೆ ಹೋಗುತ್ತದೆ ಅನ್ನುವುದನ್ನು ಬದಲಿಸಿದ ಮೇಲೆ. 1996ರಿಂದ ನೌಕರ ಕಾಯಿಲೆ ಬಿದ್ದರೆ ಮೊದಲ ವರ್ಷ ಸಂಬಳ ಕೊಡಬೇಕಾದವನು ಮಾಲೀಕನೇ. 2004ರಿಂದ ಅದು ಎರಡು ವರ್ಷ. 2002ರ ಇನ್ನೊಂದು ಕಾನೂನು ಬಾಗಿಲಲ್ಲಿ ಕಾವಲುಗಾರನನ್ನು ನಿಲ್ಲಿಸಿತು, ಅದರ ಹೆಸರಲ್ಲೇ ಕಾವಲುಗಾರ ಇದ್ದಾನೆ. ಎಂಟು ವಾರದೊಳಗೆ ಮಾಲೀಕನೂ ನೌಕರನೂ ಕೂತು, ಈತ ಹೇಗೆ ಯಾವ ಕೆಲಸಕ್ಕೆ ಮರಳುತ್ತಾನೆ ಅಂತ ಬರೆದಿಡಬೇಕು. ಪ್ರಯತ್ನ ಸಾಲದು ಅನಿಸಿದರೆ ಮೂರನೇ ವರ್ಷದ ಸಂಬಳವೂ ಮಾಲೀಕನ ಮೇಲೇ. ವೆಲ್ಡರ್‌ಗೆ ಬೆನ್ನು ನೋವು ಬಂದರೆ ಸ್ಟೋರ್ಸ್‌ನಲ್ಲಿ ಕೂರಿಸಲು ಆಗುತ್ತಾ ಅಂತ ಮಾಲೀಕ ಈಗ ಮೊದಲ ತಿಂಗಳಲ್ಲೇ ಯೋಚಿಸುತ್ತಾನೆ. ವಿಮೆಗೆ ಹೊಸದಾಗಿ ಬರುವವರ ಸಂಖ್ಯೆ ಕೆಲವೇ ವರ್ಷಗಳಲ್ಲಿ ಧಡಕ್ಕನೆ ಇಳಿಯಿತು. ಬೇಗ ನಿವೃತ್ತಿಯ ತೆರಿಗೆ ಸವಲತ್ತೂ 2006ರ ಹೊತ್ತಿಗೆ ಹೋಯಿತು. ಸರ್ಕಾರಿ ಪಿಂಚಣಿಯ ವಯಸ್ಸು 2024ಕ್ಕೆ 67 ಆಗಿದೆ. 55ರಿಂದ 64ರವರಲ್ಲಿ ಈಗ ಮುಕ್ಕಾಲು ಪಾಲು ಕೆಲಸದಲ್ಲಿದ್ದಾರೆ.

ಇದಕ್ಕೊಂದು ಬಾಲ ಇದೆ. ಎರಡು ವರ್ಷ ಕಾಯಿಲೆಯ ಸಂಬಳ ಅಂದರೆ ಐದು ಜನರ ಬಡಗಿ ಅಂಗಡಿಗೆ ಎದೆ ನಡುಕ. ಆದ್ದರಿಂದ ಕಾಯಂ ನೌಕರ ಬೇಡ, ಗುತ್ತಿಗೆಯವರೇ ಸಾಕು, ಸ್ವಂತ ಬಿಲ್ ಹಾಕುವವರೇ ಸಾಕು ಅನ್ನುವವರು ಹೆಚ್ಚಾದರು. ಹಾಗೆ ಒಂಟಿಯಾಗಿ ದುಡಿಯುವವರು 10 ಲಕ್ಷಕ್ಕೂ ಜಾಸ್ತಿ ಇದ್ದಾರೆ. ಅವರಿಗೆ ಬೆನ್ನು ನೋವು ಬಂದರೆ ಅವರೇ ನೋಡಿಕೊಳ್ಳಬೇಕು.

ಯುವಕರದು ಬೇರೆಯೇ ಕಥೆ, ಚುಟುಕಾಗಿ ಹೇಳುತ್ತೇನೆ. 15ರ ಹುಡುಗನಿಗೆ ದೊಡ್ಡವರ ಕನಿಷ್ಠ ಕೂಲಿಯ ಶೇ. 30 ಕೊಟ್ಟರೆ ಸಾಕು, ವಯಸ್ಸಿನ ಜೊತೆ ಏರುತ್ತಾ 21ಕ್ಕೆ ಪೂರ್ತಿ ಸಿಗುತ್ತದೆ. ಸೂಪರ್‌ಮಾರ್ಕೆಟ್‌ನಲ್ಲಿ ಸಂಜೆ ಹೊತ್ತು ಶೆಲ್ಫ್ ತುಂಬುವವರೆಲ್ಲ ಶಾಲೆ ಕಾಲೇಜು ಮಕ್ಕಳು. 15ರಿಂದ 24ರವರಲ್ಲಿ ನಾಲ್ವರಲ್ಲಿ ಮೂವರು ಕೆಲಸದಲ್ಲಿರುವುದರ ಗುಟ್ಟು ಇದು. ಇಟಲಿಯಲ್ಲಿ ಅದೇ ವಯಸ್ಸಿನವರಲ್ಲಿ ಐವರಲ್ಲಿ ಒಬ್ಬ.

ಇಟಲಿಯ ಕನ್ನಡಿಯಲ್ಲಿ

ಇಟಲಿಯೂ ಶ್ರೀಮಂತ ದೇಶವೇ, ಅಲ್ಲೂ ಯೂನಿಯನ್, ಅಲ್ಲೂ ತೆರಿಗೆ. ಜನರನ್ನು ಬೇಗ ಮನೆಗೆ ಕಳಿಸುವುದರಲ್ಲಿ ಅವರು ಡಚ್ಚರಿಗಿಂತ ಮುಂದೆ ಹೋಗಿದ್ದರು. 1973ರ ಒಂದು ನಿಯಮದಲ್ಲಿ ಸರ್ಕಾರಿ ನೌಕರಿಯಲ್ಲಿದ್ದ, ಮಕ್ಕಳಿರುವ ವಿವಾಹಿತೆ 14 ವರ್ಷ, 6 ತಿಂಗಳು, 1 ದಿನ ದುಡಿದರೆ ಪಿಂಚಣಿ ಪಡೆಯಬಹುದಿತ್ತು. ಮೂವತ್ತು ಚಿಲ್ಲರೆ ವಯಸ್ಸಿಗೇ ಪಿಂಚಣಿ! ಆ ಒಂದು ದಿನ ಯಾಕೆ ಅಂತ ನನಗೆ ತುಂಬಾ ಸಲ ನಗು ಬಂದಿದೆ. 1992ರಲ್ಲಿ ಅದನ್ನು ನಿಲ್ಲಿಸಿದರು.

ಇಟಲಿಯ ಹೆಂಗಸರ ಉದ್ಯೋಗ ದರ 2023ರಲ್ಲಿ ಶೇ. 56ರ ಆಸುಪಾಸು. ಅಲ್ಲಿ ಪಾರ್ಟ್ ಟೈಮ್ ಮಾಡುವವರಲ್ಲಿ ಅರ್ಧದಷ್ಟು ಮಂದಿ ಫುಲ್ ಟೈಮ್ ಸಿಗಲಿಲ್ಲ ಅಂತ ಅದಕ್ಕೆ ಇಳಿದವರು. ಡಚ್ಚರಲ್ಲಿ ಹಾಗೆ ಹೇಳುವವರು ಬೆರಳೆಣಿಕೆ. ಹೆಸರು ಒಂದೇ, ಮಾಲು ಬೇರೆ. ಇನ್ನೂ ಒಂದು ವಿಚಿತ್ರ. ಆಲ್ಪ್ಸ್ ತಪ್ಪಲಿನ ಬೊಲ್ಜಾನೊ ಪ್ರಾಂತ್ಯದಲ್ಲಿ ಹೆಂಗಸರ ಉದ್ಯೋಗ ದರ ಶೇ. 70 ದಾಟುತ್ತದೆ. ದಕ್ಷಿಣದ ಸಿಸಿಲಿ ದ್ವೀಪದಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬಳಷ್ಟೇ ಕೆಲಸದಲ್ಲಿದ್ದಾಳೆ. ಎರಡೂ ಕಡೆ ಕಾರ್ಮಿಕ ಕಾನೂನು ಒಂದೇ, ಆದಾಯ ತೆರಿಗೆ ಒಂದೇ. ಹಾಗಾಗಿ ದೇಶದ ಕಾನೂನನ್ನಷ್ಟೇ ಹೋಲಿಸಿ ಎಲ್ಲ ತಿಳಿಯಿತು ಅನ್ನುವವರನ್ನು ಕಂಡರೆ ನನಗೆ ಅನುಮಾನ. ಸಿಸಿಲಿಯಲ್ಲಿ ಕರೆಯುವ ಕೆಲಸವೂ ಕಡಿಮೆ, ಮಗುವನ್ನು ಬಿಡುವ ಜಾಗವೂ ಕಡಿಮೆ. ಅಜ್ಜಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ತೆರಿಗೆಯ ವಾದಕ್ಕೂ ಇಲ್ಲೇ ಉತ್ತರ ಇದೆ ಅನಿಸುತ್ತದೆ. 2004ರಲ್ಲಿ, ನೊಬೆಲ್ ಬಂದ ವರ್ಷವೇ, ಎಡ್ವರ್ಡ್ ಪ್ರೆಸ್ಕಾಟ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಒಂದು ವಾದ ಮಂಡಿಸಿದರು. ಯುರೋಪಿನವರು ಅಮೆರಿಕದವರಿಗಿಂತ ಕಡಿಮೆ ದುಡಿಯುವುದಕ್ಕೆ ಮುಖ್ಯ ಕಾರಣ ತೆರಿಗೆ ಅಂತ. ಅವರು ಲೆಕ್ಕ ಹಾಕಿದ್ದು ಗಂಟೆಗಳನ್ನು. ಗಂಟೆಯ ಮಟ್ಟಿಗೆ ಡಚ್ಚರು ಅವರ ಮಾತಿಗೆ ಸಾಕ್ಷಿಯಂತೆ ಕಾಣಬಹುದು. ಆದರೆ ಎಷ್ಟು ಜನ ಕೆಲಸಕ್ಕೆ ಬಂದರು ಅಂತ ನೋಡಿದರೆ ಅಮೆರಿಕಕ್ಕಿಂತ ಹೆಚ್ಚು ತೆರಿಗೆ ಕಟ್ಟುವ ಡಚ್ಚರು ನೂರಕ್ಕೆ ಹತ್ತು ಮಂದಿಯಷ್ಟು ಮುಂದೆ ಇದ್ದಾರೆ. ಸ್ವೀಡನ್, ಡೆನ್ಮಾರ್ಕ್ ಕೂಡ ಅಮೆರಿಕದ ಮುಂದೆ. ಕೆಲಸಕ್ಕೆ ಬರಬೇಕೋ ಬೇಡವೋ ಅನ್ನುವುದು ಒಂದು ತೀರ್ಮಾನ. ಬಂದ ಮೇಲೆ ಎಷ್ಟು ಹೊತ್ತು ಅನ್ನುವುದು ಇನ್ನೊಂದು. ಎರಡಕ್ಕೂ ಕಾರಣ ಒಂದೇ ಇರಬೇಕಿಲ್ಲ.

ತಲೆ ಬಿಟ್ಟು ಗಂಟೆ ಎಣಿಸಿದರೆ

ಈಗ ಆ ಒಂದು ಗಂಟೆಯ ಅಳತೆಗೋಲಿಗೆ ಬರೋಣ. 15ರಿಂದ 64ರ ಲೆಕ್ಕ ಹಿಡಿದರೆ ಡಚ್ಚರಲ್ಲಿ ನೂರಕ್ಕೆ 82 ಮಂದಿ ಕೆಲಸದಲ್ಲಿದ್ದಾರೆ. ಒಬ್ಬೊಬ್ಬರು ವರ್ಷಕ್ಕೆ 1,400 ಚಿಲ್ಲರೆ ಗಂಟೆ ದುಡಿಯುತ್ತಾರೆ. ಇಟಲಿಯಲ್ಲಿ ನೂರಕ್ಕೆ 61-62 ಮಂದಿ, ತಲಾ 1,700 ಚಿಲ್ಲರೆ. ಅಮೆರಿಕದಲ್ಲಿ 72 ಮಂದಿ, ತಲಾ 1,800ರ ಹತ್ತಿರ. ಗುಣಿಸಿ ನೋಡಿ. ಕೆಲಸದಲ್ಲಿ ಇರಲಿ ಬಿಡಲಿ, ದುಡಿಯುವ ವಯಸ್ಸಿನ ಒಬ್ಬರಿಗೆ ಡಚ್ಚರಲ್ಲಿ ಸುಮಾರು 1,160 ಗಂಟೆ, ಇಟಲಿಯಲ್ಲಿ 1,070, ಅಮೆರಿಕದಲ್ಲಿ 1,300. ತಲೆ ಎಣಿಸಿದಾಗ ಡಚ್ಚರು ಇಟಲಿಗಿಂತ ಮೂರನೇ ಒಂದು ಪಾಲು ಮುಂದೆ. ಗಂಟೆ ಎಣಿಸಿದಾಗ ಆ ಅಂತರ ನೂರಕ್ಕೆ ಎಂಟು ಒಂಬತ್ತಕ್ಕೆ ಇಳಿಯುತ್ತದೆ. ಕೆಲಸದ ಒಟ್ಟು ರಾಶಿ ಎರಡೂ ಕಡೆ ಅಷ್ಟೇನೂ ದೂರ ಇಲ್ಲ. ಡಚ್ಚರು ಅದನ್ನು ಹೆಚ್ಚು ಜನರಿಗೆ ಹಂಚಿದ್ದಾರೆ.

ಹಂಚಿದ್ದು ಸಮನಾಗಿಯೇ ಅಂದರೆ ಇಲ್ಲ. ಅಲ್ಲಿನ ಸಾಮಾನ್ಯ ಮನೆಗೆ 'ಒಂದೂವರೆ ದುಡಿಮೆಯ ಮನೆ' ಅನ್ನುತ್ತಾರೆ. ಆ ಅರ್ಧ ಯಾರದು ಅಂತ ಹೇಳಬೇಕಿಲ್ಲ. ಮದುವೆ ಮುರಿದರೆ, ಗಂಡ ಸತ್ತರೆ, ಪಿಂಚಣಿಯ ವಯಸ್ಸು ಬಂದರೆ ಆ ಅರ್ಧ ಅರ್ಧವಾಗಿಯೇ ಉಳಿಯುತ್ತದೆ. ಮಕ್ಕಳು ದೊಡ್ಡವರಾದ ಮೇಲೂ ಬಹಳಷ್ಟು ಹೆಂಗಸರು ಗಂಟೆ ಏರಿಸಿಕೊಳ್ಳುವುದಿಲ್ಲ. ಮೊದಮೊದಲು ಮಗುವಿಗಾಗಿ ಇದ್ದದ್ದು ಆಮೇಲೆ ರೂಢಿ.

ಗಂಟೆ ಏರಿಸಿದರೆ ಕೈಗೆ ಎಷ್ಟು ಉಳಿಯುತ್ತದೆ ಅನ್ನುವುದೂ ಪ್ರಶ್ನೆಯೇ. 2005ರಿಂದ ಡೇಕೇರ್ ಖರ್ಚಿಗೆ ಸರ್ಕಾರ ಸಹಾಯಧನ ಕೊಡುತ್ತದೆ. ಆದರೆ ಅದು ಆದಾಯ ನೋಡಿ, ಮುಂಗಡವಾಗಿ, ತೆರಿಗೆ ಇಲಾಖೆಯ ಮೂಲಕ. ಆದಾಯ ಏರಿದರೆ ಸಹಾಯಧನ ಇಳಿಯುತ್ತದೆ. ಅರ್ಜಿಯಲ್ಲಿ ಸಣ್ಣ ತಪ್ಪಾದರೆ ಮೋಸ ಅಂತ ತೀರ್ಮಾನಿಸಿ ಪೂರ್ತಿ ಹಣ ವಾಪಸ್ ಕೇಳಿದ ಪ್ರಕರಣಗಳು ಸಾವಿರಾರು. ಸುಮಾರು 26,000 ತಂದೆ ತಾಯಿಯರ ಮೇಲೆ ಹೀಗೆ ತಪ್ಪು ಆರೋಪ ಬಿತ್ತು, ಹತ್ತಾರು ಸಾವಿರ ಯೂರೊ ಸಾಲ ತಲೆಗೆ ಬಂತು. ಅವರಲ್ಲಿ ವಲಸಿಗರ ಮನೆಗಳೇ ಹೆಚ್ಚು. ಈ ಹಗರಣಕ್ಕೆ 2021ರ ಜನವರಿ 15ರಂದು ಮಾರ್ಕ್ ರುಟೆ ಸರ್ಕಾರ ರಾಜೀನಾಮೆ ಕೊಟ್ಟಿತು. ಕೆಲಸಕ್ಕೆ ಹೋಗಿ ಅಂತ ಹೇಳಿ ಡೇಕೇರ್‌ಗೆ ಹಣ ಕೊಟ್ಟು, ಆಮೇಲೆ ಕೆಲಸಕ್ಕೆ ಹೋದವಳನ್ನೇ ಕಳ್ಳಿ ಅಂದರೆ ಹೇಗೆ ಹೇಳಿ.

2021-22ರ ಹೊತ್ತಿಗೆ ಅಲ್ಲಿ ನಿರುದ್ಯೋಗಿಗಳಿಗಿಂತ ಖಾಲಿ ಹುದ್ದೆಗಳೇ ಜಾಸ್ತಿಯಾದವು. ಶಾಲೆಗೆ ಟೀಚರ್ ಇಲ್ಲ, ಆಸ್ಪತ್ರೆಗೆ ನರ್ಸ್ ಇಲ್ಲ. ಈ ಎರಡೂ ಕಡೆ ಪಾರ್ಟ್ ಟೈಮ್ ಹೆಂಗಸರೇ ತುಂಬಿದ್ದಾರೆ. ವಾರಕ್ಕೆ ಎರಡು ಮೂರು ಗಂಟೆ ಹೆಚ್ಚಿಗೆ ಬನ್ನಿ ಅಂತ ಈಗ ಅವರನ್ನು ಕೇಳುತ್ತಿದ್ದಾರೆ. ಹೊಸದಾಗಿ ಕೆಲಸಕ್ಕೆ ತರಲು ತಲೆಗಳು ಉಳಿದಿಲ್ಲ, ಉಳಿದಿರುವುದು ಇದ್ದವರ ಬುಧವಾರ.

ನನ್ನ ಗೆಳತಿಗೂ ಆಫೀಸಿನಲ್ಲಿ ಕೇಳಿದರಂತೆ, ಐದನೇ ದಿನವೂ ಬರುತ್ತೀಯಾ ಅಂತ. ಅವಳು ರಾತ್ರಿ ಕೂತು ಲೆಕ್ಕ ಹಾಕಿದಳು. ಒಂದು ಕಡೆ ಏರುವ ಸಂಬಳ. ಇನ್ನೊಂದು ಕಡೆ ಅದರ ಮೇಲಿನ ತೆರಿಗೆ, ಇನ್ನೊಂದು ದಿನದ ಡೇಕೇರ್, ಇಳಿಯುವ ಸಹಾಯಧನ, ಮಗನ ಬುಧವಾರದ ಈಜು ಕ್ಲಾಸಿಗೆ ಯಾರು ಕರೆದುಕೊಂಡು ಹೋಗುವುದು. "ಉಳಿಯೋದು ಸುಮ್ನೆ ಕಾಫಿ ಖರ್ಚಿಗೆ ಕಣೇ, ಬೇಡ ಅಂದೆ" ಅಂದಳು. ಗಂಡನನ್ನು ನಾಲ್ಕು ದಿನಕ್ಕೆ ಇಳಿಸಬಹುದಲ್ಲ ಅಂತ ಕೇಳಿದೆ. ಕಾನೂನಿನಲ್ಲಿ ಅವನಿಗೂ ಆ ಹಕ್ಕು ಇದೆ. ಸ್ವಲ್ಪ ಹೊತ್ತು ಫೋನಿನಲ್ಲಿ ಮಾತೇ ಬರಲಿಲ್ಲ. ಆಮೇಲೆ, "ಆ ಲೆಕ್ಕ ನಾವು ಹಾಕೇ ಇಲ್ಲ ನೋಡು" ಅಂದಳು.